ನೊಗಕ್ಕೆ ಹೆಗಲು ಪಳಗುವ ತನಕ

ಕಳೆದ ದೀಪಾವಳಿಯ ಮರುವಾರ, ಆದಿತ್ಯವಾರದ ಬೆಳಿಗ್ಗೆ, ಚಹಾದ ಬಟ್ಟಲನ್ನು ಪಕ್ಕಕ್ಕಿಟ್ಟುಕೊಂಡು ವರ್ತಮಾನಪತ್ರ ಬಿಡಿಸಿ ಕುಳಿತಿದ್ದೆ. ಒಳಕೋಣೆಯ ಬಾಗಿಲು ತೆರೆದು ವಿಚಿತ್ರ ಪ್ರಾಣಿಯೊಂದು ಹೊರಗೆ ಬಂದಿತು. ತಲೆಯ ತುಂಬ ಬಿಳಿಯ ಹೆಲ್ಮೆಟ್ಟು. ಹೆಗಲ ಮೇಲಿಂದ ಎದೆಯವರೆಗೆ ಇಳಿದ ಕಪ್ಪು ಕವಲು. ಕತ್ತಿನ ಹಿಂದೆ ಎದ್ದು ನಿಂತ ಗಟ್ಟಿ ಕಾಲರು. ಆ ಕಾಲರಿನಿಂದ ಹೆಲ್ಮೆಟ್ಟಿನ ಎರಡೂ ಕಿವಿಗಳಿಗೆ ಬಿಗಿದ ಪಟ್ಟಿ. ಕತ್ತು ಹೊರಳಿಸಲು ಬಾರದೆ ಇಡೀ ಮೈಯನ್ನೇ ತಿರುಗಿಸಿ ಅದು ನನ್ನನ್ನು ನೋಡಿತು. “ಮಾಮಾ, ಚಹಾ ಇನ್ನೂ ಅದ ಏನು?” ಎಂದು ಕೇಳಿದಾಗಲೇ ಅದು ನಮ್ಮ ಅಕ್ಕನ ಮಗನೆಂದು ತಿಳಿದದ್ದು.

ಈ ಹುಡುಗ ಮೂರು ವರ್ಷದಿಂದ ನಮ್ಮ ಮನೆಯಲ್ಲಿದ್ದು ಇಲ್ಲಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದಾನೆ. ಪುಣೆಯಲ್ಲಿ ಓದುವ ಹುಡುಗರಿಗೆ ಮೋಟಾರು ಗಾಡಿಯ ಹುಚ್ಚು ಹತ್ತುವುದು ಸಹಜವೇ. ಆಕುರ್ಡಿ, ಪಿಂಪ್ರಿ, ಚಾಕಣ ಎಂದು ಊರಿನ ಒಂದು ಮಗ್ಗುಲೆಲ್ಲ ಗಾಡಿ ಕಟ್ಟುವ ಕಾರಖಾನೆಗಳು. ನಾವು ಬೆಳಿಗ್ಗೆ ಗಾಳಿ ಸೇವನೆಗೆ ಹೋಗುವ ವೇತಾಳ ಟೇಕಡಿಯ ಮೇಲೆಯೂ ೧೯೬೬ರಲ್ಲಿ ಹುಟ್ಟಿದ ಎ.ಆರ್.ಎ.ಐ. ಎಂಬ ಮೋಟಾರು ಸಂಶೋಧನ ಸಂಸ್ಥೆ ಇದೆ. ಇಂದೂರಿನ ಹತ್ತಿರ ಪೀಥಂಪುರದಲ್ಲಿ ೨೦೦೭ರಲ್ಲಿ ಆರಂಭವಾದ ‘ಬಾಹಾ’ ಎಂಬ ಪಂದ್ಯಕ್ಕೆ ಕಾಲೇಜು ಹುಡುಗರು ತಾವೇ ಕಟ್ಟಿದ, ಒಬ್ಬರೇ ಕೂಡುವ ಗಾಡಿಗಳನ್ನು ಒಯ್ಯುತ್ತಾರೆ. ದಿನ್ನೆ ತಗ್ಗುಗಳಲ್ಲಿ ನಾಲ್ಕು ತಾಸು ಓಡಿಸುತ್ತಾರೆ. ನಮ್ಮವನೂ ಅಂಥ ತಂಡದಲ್ಲಿ ಒಬ್ಬ ಸಾರಥಿ. ಈ ವರ್ಷ ಅವನ ಆಸೆ ಒಂದು ಹೆಜ್ಜೆ ಮುಂದೆ ಹೋಗಿತ್ತು. ಕೊಯಮತ್ತೂರಿನಲ್ಲಿ, ಮೋಟಾರು ಪಂದ್ಯವನ್ನು ಬಡವರ ಕೈಗೂ ಎಟುಕುವಂತೆ ಮಾಡಲು ಹೆಣಗಿದ ಎಸ್. ಕರಿವರ್ಧನರ ಹೆಸರಿನ ಒಂದು ಓಟದ ಪಥವಿದೆ. ಅಲ್ಲಿಯ ಹವ್ಯಾಸಿ ಪಂದ್ಯಗಳಿಗೆ ಹೋಗಿಬರುವ ಹಿರಿಯ ಗೆಳೆಯನೊಬ್ಬ ಇವನನ್ನೂ ಕರೆದಿದ್ದ. ಕರೆಯುವಾಗ ಒಂದು ಷರತ್ತು ಹಾಕಿದ್ದ: “ಈ ಹ್ಯಾನ್ಸ್ ಒಯ್ಯಿ. ಒಂದು ತಿಂಗಳು ಮನೆಯಲ್ಲಿ ಹಾಕಿಕೊಂಡು ರೂಢಿ ಮಾಡಿಕೋ. ರೂಢಿಯಾಗದೆ ಪಥಕ್ಕೆ ಇಳಿಯಬೇಡ.”

ಹ್ಯಾನ್ಸ್ ಎಂದರೆ ಈ ಕಪ್ಪು ಕವಲಿನ ಹೆಸರು. ಒಂದು ಕಿಲೋ ಕೂಡ ತೂಗದ ಇದನ್ನು ನೋಡಿ ನಾನು ನಕ್ಕೆ. ನನ್ನ ತಾಯಿ ಮಾತ್ರ ನಗಲಿಲ್ಲ. ನವಲಗುಂದದ ಕಡೆಯ ಒಕ್ಕಲುಮನೆಯಲ್ಲಿ ಹುಟ್ಟಿ, ಅಂಥದೇ ಮನೆಗೆ ಸೊಸೆಯಾಗಿ ಬಂದು, ಐವತ್ತು ವರ್ಷ ದನಕರುಗಳ ನಡುವೆ ಬಾಳಿದವಳು ಆಕೆ. ಹತ್ತಿರ ಬಂದು ಹುಡುಗನ ಹೆಗಲ ಮೇಲೆ ಕೈ ಆಡಿಸಿದಳು. “ಇದು ನೊಗ ಅಲ್ಲೇನೋ? ಹೋರಿಗೆ ಹೂಡಿಧಾಂಗ ಕಾಣಸ್ತದ,” ಎಂದಳು. ಹುಡುಗ ಹೆಲ್ಮೆಟ್ಟಿನೊಳಗಿಂದಲೇ, “ಹೌದು ಆಯಿ, ಇಂಗ್ಲೀಷಿನಾಗೂ ಇದಕ್ಕ ನೊಗಾನೇ ಅಂತಾರ,” ಎಂದ. ಆಕೆಗೆ ಪರಮ ಸಂತೋಷವಾಯಿತು.

ಈ ನೊಗ ಏತಕ್ಕೆ ಬೇಕು ಎಂಬುದನ್ನು ಆತ ಆ ದಿನ ಊಟದ ಹೊತ್ತಿನಲ್ಲಿ ವಿವರಿಸಿ ಹೇಳಿದ. ವಾಚಕರಿಗೂ ಅದು ತಿಳಿದಿರುವುದು ಒಳ್ಳೆಯದು.

ಪಂದ್ಯದ ಕಾರಿನಲ್ಲಿ ಸಾರಥಿಯ ಸೊಂಟ, ಹೆಗಲು, ಎದೆ ಎಲ್ಲವನ್ನೂ ಅಗಲ ಪಟ್ಟಿಗಳಿಂದ ಆಸನಕ್ಕೆ ಬಿಗಿದಿರುತ್ತಾರೆ. ಗಾಡಿ ಗೋಡೆಗೆ ಅಪ್ಪಳಿಸಿದರೆ ಗಾಡಿಯೊಡನೆ ಮೈಯೂ ನಿಲ್ಲುತ್ತದೆ. ಆದರೆ ತಲೆಗೆ ಯಾವ ಪಟ್ಟಿಯೂ ಇಲ್ಲ. ಅದು ಓಡುತ್ತಲೇ ಇರುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಕೆಲಸ ಬಡಪಾಯಿ ಕುತ್ತಿಗೆಯ ಪಾಲಿಗೆ ಬರುತ್ತದೆ. ತಲೆ ಮತ್ತು ಹೆಲ್ಮೆಟ್ಟು ಕೂಡಿ ಸುಮಾರು ೬ ಕಿಲೋ ತೂಕ. ತಾಸಿಗೆ ೬೦ ಕಿಲೋಮೀಟರ್ ವೇಗದ ಗಾಡಿ ಅರ್ಧ ಮೀಟರಿನೊಳಗೆ ನಿಂತಿತೆಂದರೆ, ಆ ಕ್ಷಣದಲ್ಲಿ ೬ ಕಿಲೋದ ಸೆಳೆತ ಸರಾಸರಿ ೧೭೦ ಕಿಲೋದಷ್ಟಾಗುತ್ತದೆ. ಅಂದರೆ ಒಂದೂಮುಕ್ಕಾಲು ಚೀಲ ಜೋಳವನ್ನು ಕುತ್ತಿಗೆಗೆ ಕಟ್ಟಿ ಮುಂದಕ್ಕೆ ಜಗ್ಗಿದ ಹಾಗೆ. ಅಷ್ಟಕ್ಕೆ ಬುರುಡೆಯ ತಳ, ಬೆನ್ನುಹುರಿ ಮೇಲೇರಿ ಮೆದುಳನ್ನು ಸೇರುವ ಜಾಗದಲ್ಲಿ ಒಡೆಯಬಹುದು. ಮೈಮೇಲೆ ಒಂದು ಗೀರು ಇರುವುದಿಲ್ಲ, ಹೆಲ್ಮೆಟ್ಟು ಸೀಳಿರುವುದಿಲ್ಲ, ಮನುಷ್ಯ ಮಾತ್ರ ಉಳಿಯುವುದಿಲ್ಲ. ಪಟ್ಟಿಗಳು ಸುಧಾರಿಸಿ ಮೈ ಭದ್ರವಾದಷ್ಟೂ ಎಲ್ಲ ಏಟೂ ಕುತ್ತಿಗೆಗೇ ಬೀಳತೊಡಗಿತೆಂಬುದು ಇಲ್ಲಿಯ ಸೋಜಿಗ. ಹ್ಯಾನ್ಸ್ ಮಾಡುವುದಿಷ್ಟೇ: ಹೆಗಲ ಪಟ್ಟಿಗಳ ಅಡಿಯಲ್ಲಿ ತಾನು ಭದ್ರವಾಗಿ ಕುಳಿತು, ಎರಡು ಕಿರುಪಟ್ಟಿಗಳಿಂದ ತಲೆಯನ್ನು ಹಿಡಿದುಕೊಂಡು, ಮೈ ನಿಂತಾಗ ತಲೆಯನ್ನೂ ನಿಲ್ಲಿಸುತ್ತದೆ. ಸೆಳೆತವು ಕುತ್ತಿಗೆಯನ್ನು ಬಿಟ್ಟು ಹೆಗಲಿಗೆ ಹೋಗುತ್ತದೆ. ‘ಬಾಹಾ’ ಪಂದ್ಯದಲ್ಲಿ ಅವನು ಕಟ್ಟಿಕೊಳ್ಳುತ್ತಿದ್ದ ಮೆತ್ತನೆಯ ಕೊರಳಪಟ್ಟಿ ದಣಿದ ಕುತ್ತಿಗೆಗೆ ಒಂದಿಷ್ಟು ಆಸರೆ ಕೊಡಬಲ್ಲುದೇ ಹೊರತು ಈ ಮುಂದಿನ ಸೆಳೆತವನ್ನು ತಡೆಯಲಾರದಂತೆ.

ಇದನ್ನು ಕಂಡುಹಿಡಿದವರು ಅಮೇರಿಕದ ಇಬ್ಬರು ಭಾವ-ಮೈದುನರು. ೧೯೮೧ರಲ್ಲಿ ಪ್ಯಾಟ್ರಿಕ್ ಜಾಕ್ಮಾರ್ ಎಂಬ ಫ್ರೆಂಚ್ ಸಾರಥಿ ಗಾಡಿಯ ಪರೀಕ್ಷೆ ನಡೆಸುತ್ತಿದ್ದಾಗ ಬುರುಡೆಯ ತಳ ಒಡೆದು ಸತ್ತ. ಅವನ ಗೆಳೆಯ ಜಿಮ್ ಡೌನಿಂಗ್, ತಾನೂ ಪಂದ್ಯದ ಸಾರಥಿ, ಈ ಮಾತನ್ನು ತನ್ನ ಬೀಗಸ್ತನದ ರಾಬರ್ಟ್ ಹಬ್ಬರ್ಡ್ ಅವರ ಮುಂದೆ ಆಡಿದ. ಹಬ್ಬರ್ಡ್ ಅವರು ಮಿಶಿಗನ್ ವಿಶ್ವವಿದ್ಯಾಲಯವೊಂದರಲ್ಲಿ ಮನುಷ್ಯ ಶರೀರದ ಯಂತ್ರಶಾಸ್ತ್ರ ಕಲಿಸುವ ಪ್ರಾಧ್ಯಾಪಕರಾಗಿದ್ದರು. ಕೆಲವೇ ವರ್ಷಗಳಲ್ಲಿ ಇಬ್ಬರೂ ಕೂಡಿ ಈ ನೊಗವನ್ನು ಮಾಡಿದರು. ಡೌನಿಂಗ್ ತಾನೇ ಧರಿಸಿ ಪಂದ್ಯಗಳಲ್ಲಿ ಓಡಿಸಿ ತೋರಿಸಿದ.

ಜನ ಕೊಂಡುಕೊಳ್ಳಲು ಮುಗಿಬಿದ್ದಿರಬೇಕು ಎಂದು ನೀವು ಎಣಿಸಬಹುದು. ಹಾಗೇನೂ ಆಗಲಿಲ್ಲ. ಮೊದಲ ಹತ್ತು ಹನ್ನೆರಡು ವರ್ಷ ಅದನ್ನು ಕೇಳುವವರೇ ಕಡಿಮೆ. ದೊಡ್ಡ ದೊಡ್ಡ ವೀರರೆಲ್ಲ ಮೂಗು ಮುರಿದರು. ಹೆಗಲು ನೋಯುತ್ತದೆ, ಕತ್ತು ತಿರುಗುವುದಿಲ್ಲ, ಪಕ್ಕದ ಗಾಡಿ ಕಾಣುವುದಿಲ್ಲ, ಬೆಂಕಿ ಹತ್ತಿದರೆ ಹೊರಬೀಳುವುದು ಹೇಗೆ, ಇಷ್ಟು ವರ್ಷ ಇಲ್ಲದ್ದು ಈಗೇಕೆ? ೧೯೯೪ರಲ್ಲಿ ಇಮೋಲಾದಲ್ಲಿ ರೋಲಂಡ್ ರಾಟ್ಸೆನ್‌ಬರ್ಗರ್ ಇದೇ ಬಗೆಯ ಗಾಯದಿಂದ ಸತ್ತ. ೨೦೦೧ರ ಫೆಬ್ರುವರಿ ೧೮ರಂದು ಡೇಟೋನಾದ ಪಂದ್ಯದ ಕೊನೆಯ ಸುತ್ತಿನಲ್ಲಿ, ಏಳು ಸಲ ಚಾಂಪಿಯನ್ ಆಗಿದ್ದ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಬಡಿದು ತೀರಿಕೊಂಡ. ಹ್ಯಾನ್ಸ್ ಎಂದರೆ ಆತನಿಗೆ ಆಗುತ್ತಿರಲಿಲ್ಲ. ಆ ದಿನವೂ ಅದನ್ನು ಧರಿಸಿರಲಿಲ್ಲ. ಅಲ್ಲಿಂದ ಗಾಳಿ ತಿರುಗಿತು. ಅದೇ ವರ್ಷ ಅಕ್ಟೋಬರಿನಲ್ಲಿ ಆ ಪಂದ್ಯಮಾಲೆಯಲ್ಲಿ ಇಂಥ ಸಾಧನ ಕಡ್ಡಾಯವಾಯಿತು. ೨೦೦೩ರಲ್ಲಿ ಫಾರ್ಮುಲಾ ಒನ್ ಪಂದ್ಯಗಳಲ್ಲಿಯೂ ಆಯಿತು. ಆಗಲೂ ಬರಿಕೆಲ್ಲೊನಂಥ ನುರಿತ ಸಾರಥಿ ನೋವೆಂದು ದೂರಿದ್ದುಂಟು. ಇಂದು ಆ ದೂರು ಕೇಳಿಸುವುದಿಲ್ಲ. ಹೊಸದಾಗಿ ಬರುವ ಹುಡುಗರಿಗೆ ಅದಿಲ್ಲದೆ ಓಡಿಸುವುದೇ ಬೆತ್ತಲೆ ಓಡಿಸಿದ ಹಾಗೆ.

ಇನ್ನು ನಮ್ಮ ಮನೆಯ ಅಭ್ಯಾಸದ ಕಥೆ. ಹುಡುಗ ಕಾಲೇಜಿನಿಂದ ಹಳೆಯ ಕಾರಿನ ಆಸನವೊಂದನ್ನು ಪಟ್ಟಿಗಳ ಸಮೇತ ತಂದು ಪಡಸಾಲೆಯಲ್ಲಿ ಇಟ್ಟ. ಮೊದಲ ದಿನ ಇಪ್ಪತ್ತು ನಿಮಿಷದಲ್ಲಿಯೇ, “ಮಾಮಾ, ಹೆಗಲ ಎಲಬು ಮುರದಂಗಾತು,” ಎಂದು ಕಿತ್ತುಹಾಕಿದ. ಎರಡನೆಯ ದಿನ ಇನ್ನೊಂದು ತೊಡಕು. ಹ್ಯಾನ್ಸ್ ಹಾಕಿದ ಮೇಲೆ ತಲೆ ಬಗ್ಗಿಸಿ ಸೊಂಟದ ಕೊಂಡಿಯನ್ನು ನೋಡಲು ಬರುವುದಿಲ್ಲ. ಕೊಂಡಿಗಳನ್ನೆಲ್ಲ ಕೈಯ ಅಳತೆಯಿಂದಲೇ ಹಾಕಬೇಕು, ತೆಗೆಯಬೇಕು. ಹುಡುಗ ಕಣ್ಣು ಮುಚ್ಚಿ ಮೊದಲು ಸೊಂಟದ ಪಟ್ಟಿ, ಆಮೇಲೆ ನೊಗದ ಕವಲುಗಳ ಮೇಲೆ ಕೂಡುವಂತೆ ಹೆಗಲ ಪಟ್ಟಿ ಎಂದು ಮತ್ತೆ ಮತ್ತೆ ಬಿಗಿದುಕೊಂಡ. ಮೂರನೆಯ ದಿನದಿಂದ ಹೊರಬೀಳುವ ಅಭ್ಯಾಸ. ‘ಬಾಹಾ’ದ ನಿಯಮದಂತೆ ಸಾರಥಿ ಐದು ಸೆಕೆಂಡಿನೊಳಗೆ ಗಾಡಿಯಿಂದ ಹೊರಗೆ ಬರಬೇಕು, ಆ ಲೆಕ್ಕವನ್ನೇ ಅವನು ಇಲ್ಲಿಯೂ ಇಟ್ಟುಕೊಂಡ. ನನ್ನ ತಾಯಿ ಗೋಡೆಯ ಗಡಿಯಾರ ನೋಡುತ್ತ, “ಒಂದು, ಎರಡು,” ಎಂದು ಎಣಿಸುವುದು. ಇವನು ಕೊಂಡಿ ಬಿಚ್ಚಿ, ಗದ್ದ ಎದೆಗೊತ್ತಿ, ಕಾಲರು ಎಲ್ಲಿಯೂ ಸಿಕ್ಕದಂತೆ ಒಮ್ಮೆಲೆ ಎದ್ದು ಬರುವುದು. ಮೊದಲು ಹನ್ನೊಂದು ಎಣಿಕೆಯಾಯಿತು. ಹತ್ತನೆಯ ದಿನ ನಾಲ್ಕಕ್ಕೆ ಇಳಿಯಿತು. ಕತ್ತು ಹೊರಳದೆ ಹೋದರೆ ಏನು ಗತಿ ಎಂಬುದಕ್ಕೂ ಉತ್ತರ ಸಿಕ್ಕಿತು: ಕನ್ನಡಿಗಳನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು, ಕಣ್ಣನ್ನು ಹೆಚ್ಚು ದುಡಿಸಬೇಕು.

ಹೆಗಲ ನೋವು ಮಾತ್ರ ವಾರವಾದರೂ ಹೋಗಲಿಲ್ಲ. ಅದೂ ಎಡಗಡೆ ಮಾತ್ರ. ಇದು ರೂಢಿಯಾಗುವ ನೋವಲ್ಲ ಎಂದು ಮೊದಲು ಹೇಳಿದವಳು ನನ್ನ ತಾಯಿ.

“ಹೋರಿ ಪಳಗಸೂವಾಗ ಮೊದಲ ಬರೀ ನೊಗ ಇಡ್ತಾರ. ಎರಡು ದಿನ ಅದು ಒಲ್ಲೆ ಅಂತದ, ಮೈ ಕೊಡವತದ. ಆಮ್ಯಾಲ ಕುಂಟಿ, ಆಮ್ಯಾಲ ಬಂಡಿ. ಹೆಗಲ ಬಲೀತದ, ಸುಮ್ಮನಾಗತದ. ಆದ್ರ ಒಂದ ಕಡೆ ಹುಣ್ಣು ಬಿತ್ತು ಅಂದ್ರ ಅದು ರೂಢಿ ಮಾತಲ್ಲ. ನೊಗ ಓರೆ ಕೂತದ. ಅದನ್ನ ಸರಿ ಮಾಡದ ಹೊಡಕೊಂಡು ಹೋದ್ರ ಎತ್ತು ಹಾಳಾಗತದ.”

ಹುಡುಗ ಗೆಳೆಯನಿಗೆ ಫೋನು ಮಾಡಿದ. ಅವನು ಬಂದು ನೋಡಿ, ಆಸನದ ಓಟಕ್ಕೆ ತಕ್ಕಂತೆ ಈ ನೊಗಗಳು ಬೇರೆ ಬೇರೆ ಕೋನದವು ಇರುತ್ತವೆಂದೂ, ಮಲಗಿದಂತೆ ಕೂಡುವ ಗಾಡಿಯ ನೊಗವನ್ನು ನೆಟ್ಟಗೆ ಕೂಡುವ ಗಾಡಿಯಲ್ಲಿ ಹಾಕಬಾರದೆಂದೂ ಹೇಳಿದ. ಕೋನ ಸರಿಯಾಗಿಯೇ ಇತ್ತು. ಎಡಗಡೆಯ ಮೆತ್ತೆ ಸವೆದಿತ್ತು. ಹೆಗಲ ಪಟ್ಟಿಯೂ ಓರೆಯಾಗಿ ಬಿಗಿದಿತ್ತು. ಎರಡನ್ನೂ ಸರಿಪಡಿಸಿದ ಮೇಲೆ ಮೂರು ದಿನದಲ್ಲಿ ನೋವು ಮಾಯವಾಯಿತು. ಒಬ್ಬ ರೈತಹೆಂಗಸಿನ ಒಂದು ಮಾತಿನಿಂದ ಅಷ್ಟು ಕೆಲಸವಾಯಿತು. ಹೊಸತನದ ನೋವು ಒಂದು, ಹೊಂದಿಕೆಯಿಲ್ಲದ ನೋವು ಇನ್ನೊಂದು. ಮೊದಲನೆಯದನ್ನು ತಾಳಿಕೊಳ್ಳಬೇಕು, ಎರಡನೆಯದನ್ನು ತಿದ್ದಬೇಕು. ಇವೆರಡನ್ನೂ ಒಂದೇ ಎಂದು ತಿಳಿದು ಸಾಧನವನ್ನೇ ಮೂಲೆಗೆ ಎಸೆಯುವವರೇ ನಮ್ಮಲ್ಲಿ ಹೆಚ್ಚು.

ಎಸೆಯುವವರಲ್ಲಿ ಈ ಲೇಖಕನೂ ಒಬ್ಬನಾಗಿದ್ದ ಎಂಬುದನ್ನು ಈಗ ಹೇಳಲೇಬೇಕು.

ಧನಕವಡಿಯ ನಮ್ಮ ಮನೆಯಿಂದ ಕ್ಯಾಂಪಿನ ಕಚೇರಿಗೆ ನಾನು ಹನ್ನೆರಡು ವರ್ಷದಿಂದ ಸ್ಕೂಟರಿನ ಮೇಲೆ ಹೋಗಿಬರುತ್ತೇನೆ. ಹೆಲ್ಮೆಟ್ಟು ಇರಲಿಲ್ಲವೆಂದಲ್ಲ, ಇತ್ತು. ಕಾಲಿನ ಹತ್ತಿರದ ಕೊಕ್ಕೆಗೆ ತೂಗುಬಿದ್ದಿರುತ್ತಿತ್ತು. ಪೋಲೀಸರ ಟೊಪ್ಪಿಗೆ ಕಂಡರೆ ತಲೆಗೆ, ಚೌಕ ದಾಟಿದರೆ ಕೊಕ್ಕೆಗೆ. ಪುಣೆಯಲ್ಲಿ ಇದು ನನ್ನೊಬ್ಬನ ಕಥೆಯಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೨೯ನೆಯ ಕಲಮು ಸವಾರನಿಗೂ ಹಿಂದೆ ಕೂಡುವವರಿಗೂ ಹೆಲ್ಮೆಟ್ಟು ಬೇಕೆನ್ನುತ್ತದೆ. ಆದರೂ ೨೦೧೯ರ ಜನವರಿಯಲ್ಲಿ ಪೋಲೀಸರು ಅದನ್ನು ಬಿಗಿಯಾಗಿ ಜಾರಿಗೆ ತರಹೊರಟಾಗ ಈ ಊರಿನಲ್ಲಿ ಅದರ ವಿರುದ್ಧ ಮೆರವಣಿಗೆಯೇ ಹೊರಟಿತು. ಕೆಲವರು ಹೆಲ್ಮೆಟ್ಟಿಗೆ ಬದಲು ಪಗಡಿ ಧರಿಸಿ ಬಂದರು. ಅವರ ವಾದಗಳೆಲ್ಲ ನನ್ನ ಬಾಯಲ್ಲಿಯೂ ಇದ್ದವು: ಬೆವರು ಬರುತ್ತದೆ, ಹಾರ್ನು ಕೇಳಿಸುವುದಿಲ್ಲ, ಕುತ್ತಿಗೆ ನೋಯುತ್ತದೆ, ಊರೊಳಗೆ ವೇಗವೆಲ್ಲಿದೆ? ಡೇಟೋನಾದ ವೀರರು ಹೇಳಿದುದಕ್ಕೂ ಸಾತಾರಾ ರಸ್ತೆಯ ಗುಮಾಸ್ತ ಹೇಳಿದುದಕ್ಕೂ ಎಷ್ಟು ಹೋಲಿಕೆ ಎಂಬುದು ಹುಡುಗನ ಕಥೆ ಕೇಳುವ ತನಕ ನನಗೆ ಹೊಳೆದಿರಲಿಲ್ಲ.

ಇನ್ನೊಂದು ಮಾತು ಹೇಳಲು ನನಗೆ ಕಷ್ಟವಾಗುತ್ತದೆ. ನಮ್ಮ ಕಚೇರಿಯಲ್ಲಿ ನನ್ನ ಎದುರಿನ ಮೇಜಿನಲ್ಲಿ ಒಬ್ಬ ಮರಾಠಿ ಮಿತ್ರರಿದ್ದರು. ಒಂಬತ್ತು ವರ್ಷ ನಾವಿಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು. ನನ್ನ ತಾಯಿ ಮಾಡುವ ಶೇಂಗಾ ಹಿಂಡಿಗಾಗಿ ಕಾದು ಕುಳಿತಿರುತ್ತಿದ್ದರು. ಎರಡು ವರ್ಷದ ಹಿಂದೆ, ಮಳೆಗಾಲದ ಒಂದು ಸಂಜೆ, ಕಾತ್ರಜದ ಕಡೆ ಮನೆಗೆ ಹೋಗುವಾಗ ತಗ್ಗಿನಲ್ಲಿ ಗಾಲಿ ಜಾರಿ ಬಿದ್ದರು. ಯಾವ ಗಾಡಿಯೂ ಹಾಯ್ದಿರಲಿಲ್ಲ, ವೇಗವೂ ಇರಲಿಲ್ಲ. ಎರಡು ದಿನ ಎಚ್ಚರವಿಲ್ಲದೆ ಇದ್ದು ಹೋಗಿಬಿಟ್ಟರು. ಅವರ ಸ್ಕೂಟರನ್ನು ಮನೆಗೆ ತರಲು ಹೋದವನು ನಾನೇ. ಕೊಕ್ಕೆಯಲ್ಲಿ ಹೆಲ್ಮೆಟ್ಟು ತೂಗುತ್ತಿತ್ತು, ಒಂದು ಗೀರೂ ಇಲ್ಲದೆ. ಅದನ್ನು ಕಣ್ಣಾರೆ ಕಂಡ ಮೇಲೂ ನಾನು ಒಂದು ತಿಂಗಳು ಮಾತ್ರ ಹೆಲ್ಮೆಟ್ಟು ಹಾಕಿಕೊಂಡೆ. ಬಿಗಿಯೆನಿಸಿತು, ಮತ್ತೆ ಕೊಕ್ಕೆಗೆ ಹೋಯಿತು. ಹೆದರಿಕೆ ಮನುಷ್ಯನನ್ನು ಕೆಲವು ದಿನ ಮಾತ್ರ ಕಾಯುತ್ತದೆ.

ವೇಗವಿಲ್ಲವೆಂಬ ಮಾತನ್ನು ಹುಡುಗ ಕಾಗದದ ಮೇಲೆ ಲೆಕ್ಕ ಮಾಡಿ ಮುರಿದ. ನಿಂತ ಸ್ಕೂಟರಿನಿಂದ ಬಿದ್ದರೂ ಒಂದೂವರೆ ಮೀಟರ್ ಎತ್ತರದಿಂದ ತಲೆ ನೆಲ ಮುಟ್ಟುವಾಗ ಅದರ ವೇಗ ತಾಸಿಗೆ ಸುಮಾರು ೨೦ ಕಿಲೋಮೀಟರ್. ಬರಿಯ ಬುರುಡೆ ಕಲ್ಲಿಗೆ ಬಡಿದರೆ ಅದು ಕೂದಲೆಳೆಯಷ್ಟು ಅಂತರದಲ್ಲಿ ನಿಲ್ಲಬೇಕಾಗುತ್ತದೆ. ಹೆಲ್ಮೆಟ್ಟಿನೊಳಗಿನ ಥರ್ಮಾಕೋಲಿನಂಥ ಪದರು ತಾನು ಜಜ್ಜಿಹೋಗಿ ಆ ಅಂತರವನ್ನು ಒಂದೆರಡು ಬೆರಳಷ್ಟು ಹೆಚ್ಚಿಸುತ್ತದೆ. ಬದುಕು ಸಾವುಗಳ ನಡುವಿನ ಜಾಗ ಅಷ್ಟೇ. ಸರಕಾರದ ವರದಿಯಂತೆ ೨೦೨೨ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು ೧,೬೮,೪೯೧ ಜನ. ಅವರಲ್ಲಿ ಹೆಲ್ಮೆಟ್ಟು ಇಲ್ಲದೆ ಸತ್ತವರು ೫೦,೦೨೯. ಈ ಐವತ್ತು ಸಾವಿರದಲ್ಲಿ ೧೪,೩೩೭ ಜನ ಹಿಂದೆ ಕುಳಿತವರು. ನಮ್ಮ ಮನೆಗಳಲ್ಲಿ ಹಿಂದೆ ಕೂಡುವವರು ಯಾರು ಎಂಬುದನ್ನು ನಾನು ಹೇಳಬೇಕಾಗಿಲ್ಲ. ಹೆಲ್ಮೆಟ್ಟು ಸಾವಿನ ಸಂಭವವನ್ನು ಶೇಕಡಾ ೪೨ರಷ್ಟೂ ತಲೆಯ ಗಾಯವನ್ನು ಶೇಕಡಾ ೬೯ರಷ್ಟೂ ಕಡಿಮೆ ಮಾಡುವುದೆಂದು ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ.

ಆ ರಾತ್ರಿಯೇ ಹುಡುಗ ನನ್ನ ಹೆಲ್ಮೆಟ್ಟನ್ನು ಪರೀಕ್ಷೆಗೆ ಎತ್ತಿಕೊಂಡ. ಟೇಪು ತಂದು ಹುಬ್ಬಿನ ಮೇಲಿನಿಂದ ತಲೆಯ ಸುತ್ತಳತೆ ತೆಗೆದ. ನನ್ನದು ೫೮ ಸೆಂಟಿಮೀಟರ್, ಹೆಲ್ಮೆಟ್ಟು ೫೬ರದು. “ಮಾಮಾ, ನಿಮ್ಮ ತಲಿ ನೋಯೂದು ರೂಢಿ ಇಲ್ಲದ್ದಕ್ಕಲ್ಲ. ನೊಗಾನ ಸಣ್ಣದದ,” ಎಂದ. ಮರುದಿನ ಇಬ್ಬರೂ ಅಂಗಡಿಗೆ ಹೋಗಿ ಐ.ಎಸ್.ಐ. ಮುದ್ರೆಯಿದ್ದ ಹೊಸದನ್ನು ತಂದೆವು. ಹಾಕಿಕೊಂಡು ತಲೆ ಆಡಿಸಿದರೆ ಹೆಲ್ಮೆಟ್ಟು ಬೇರೆ, ತಲೆ ಬೇರೆ ಆಡಬಾರದು; ಕೆನ್ನೆಗೆ ಅಪ್ಪಿಕೊಂಡಿರಬೇಕು, ಹಣೆಗೆ ಚುಚ್ಚಬಾರದು. ಗದ್ದದ ಪಟ್ಟಿಯಡಿ ಎರಡು ಬೆರಳು ಹೋಗುವಷ್ಟೇ ಸಡಿಲ. ಪಟ್ಟಿ ಕಟ್ಟಿ, ಹಿಂದಿನ ಅಂಚು ಹಿಡಿದು ಮುಂದಕ್ಕೆ ನೂಕಿದರೆ ಕಳಚಿ ಬರಬಾರದು. ಪಟ್ಟಿ ಕಟ್ಟದ ಹೆಲ್ಮೆಟ್ಟು ಬಿದ್ದಾಗ ನಮಗಿಂತ ಮೊದಲು ಹಾರಿಹೋಗುತ್ತದೆ. ಒಮ್ಮೆ ಬಲವಾದ ಪೆಟ್ಟು ತಿಂದುದನ್ನು, ಮೇಲೆ ಚೆನ್ನಾಗಿ ಕಂಡರೂ, ಮತ್ತೆ ಬಳಸಬಾರದು. ಮಕ್ಕಳದೂ ಲಕ್ಷ್ಯವಿರಲಿ: ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗುವನ್ನು ಹಿಂದೆ ಕೂಡಿಸಿಕೊಂಡರೆ ಅದಕ್ಕೂ ಹೆಲ್ಮೆಟ್ಟು, ಸವಾರನಿಗೆ ಬಿಗಿಯುವ ಪಟ್ಟಿ ಬೇಕೆಂದೂ, ವೇಗ ೪೦ ಮೀರಬಾರದೆಂದೂ ೨೦೨೩ರ ಫೆಬ್ರುವರಿಯಿಂದ ನಿಯಮ ಬಂದಿದೆ.

ಅಲ್ಲಿಂದ ನನ್ನ ಅಭ್ಯಾಸವೂ ಆರಂಭವಾಯಿತು. ಪಡಸಾಲೆಯಲ್ಲಿ ಹುಡುಗ ಹ್ಯಾನ್ಸ್ ಹಾಕಿಕೊಂಡು ಕುಳಿತರೆ, ಅವನ ಎದುರು ನಾನು ಹೆಲ್ಮೆಟ್ಟು ಹಾಕಿಕೊಂಡು ಪತ್ರಿಕೆ ಓದುವುದು. ನನ್ನ ಹೆಂಡತಿ ನೆರೆಹೊರೆಯವರು ಬಂದಾರೆಂದು ಬಾಗಿಲು ಮುಂದೆ ಮಾಡುತ್ತಿದ್ದಳು. ಮೊದಲ ವಾರ ಕಿವಿಯಲ್ಲಿ ಸಮುದ್ರ ಮೊರೆದಂತಾಗುತ್ತಿತ್ತು. ಎರಡನೆಯ ವಾರ ಹಾರ್ನುಗಳು ತಾವಾಗಿಯೇ ಬೇರೆಬೇರೆ ಕೇಳಿಸತೊಡಗಿದವು. ಬೆವರಿಗೆ ತೆಳು ಅರಿವೆಯ ಟೊಪ್ಪಿಗೆ ಹೊಲಿಸಿಕೊಂಡೆ. ಆಮೇಲೆ ಹೆಂಡತಿಗೂ ಅಳತೆ ನೋಡಿ ಒಂದನ್ನು ತಂದೆವು. ಅಂಬಾಡೆಗೆ ಅಡ್ಡಿಯೆಂದು ಆಕೆ ಜಡೆ ಹಾಕಿಕೊಳ್ಳಹತ್ತಿದಳು.

ಮೂರು ವಾರ ಕಳೆದಿರಬಹುದು. ಒಂದು ಸೋಮವಾರ ಕಚೇರಿಗೆ ಬಂದು, ಹಾಜರಿ ಹಾಕಿ, ನನ್ನ ಮೇಜಿನಲ್ಲಿ ಕುಳಿತು ಕಾಗದಪತ್ರ ಬಿಚ್ಚಿದೆ. ಸಿಪಾಯಿ ಚಹಾ ತಂದವನು ಬಾಗಿಲಲ್ಲೇ ನಿಂತು ನಗತೊಡಗಿದ. ಏನೆಂದು ಕೇಳಿದರೆ ನನ್ನ ತಲೆಯ ಕಡೆ ಬೆರಳು ತೋರಿಸಿದ. ಹೆಲ್ಮೆಟ್ಟು ತಲೆಯ ಮೇಲೆಯೇ ಇದ್ದಿತು; ಅದಿರುವುದು ನನಗೆ ಮರೆತುಹೋಗಿತ್ತು. ನಾನೂ ನಕ್ಕೆ. ಅದನ್ನು ತೆಗೆದು ಕೆಳಗಿಡುವಾಗ ಎದುರಿನ ಮೇಜು ಕಣ್ಣಿಗೆ ಬಿತ್ತು. ಅಲ್ಲಿ ಈಗ ಹೊಸ ಹುಡುಗನೊಬ್ಬ ಕೂಡುತ್ತಾನೆ. ಅವನ ಹೆಲ್ಮೆಟ್ಟು ಎಲ್ಲಿರುತ್ತದೆ ಎಂದು ಆ ದಿನ ಸಂಜೆ ಕೇಳಿದೆ. “ಗಾಡಿಯ ಕೊಕ್ಕೆಗೆ,” ಎಂದ. ಮರುದಿನ ಟೇಪು ಒಯ್ದು ಅವನ ತಲೆಯ ಅಳತೆ ತೆಗೆದೆ.

ಮುಂದಿನ ತಿಂಗಳು ಹುಡುಗ ಕೊಯಮತ್ತೂರಿಗೆ ಹೋಗುವವನಿದ್ದಾನೆ. ಅವನ ತಾಯಿಗೆ, ಎಂದರೆ ನಮ್ಮ ಅಕ್ಕನಿಗೆ, ಇನ್ನೂ ಹೆದರಿಕೆ ಹೋಗಿಲ್ಲ. ದಿನಾಲು ಫೋನು ಮಾಡುತ್ತಾಳೆ. ಮೊನ್ನೆ ನನ್ನ ತಾಯಿ ಫೋನು ಇಸಿದುಕೊಂಡು ಹೇಳಿದಳು: “ಅಂಜಬ್ಯಾಡವ್ವಾ. ನೊಗ ಸರಿ ಕೂತದ, ಹೆಗಲೂ ಬಲತದ. ಇಬ್ಬರದೂ.”